ಸೆಲ್ಲಿಗೆ ಹಚ್ಚಿದ ವಿಭೂತಿ

ಬ್ಯಾಟರಿಯ ಮೇಲೂ ಒಂದು ಕತೆಯೇ ಎಂದು ಓದುವವರು ಹುಬ್ಬೇರಿಸಿದರೆ ತಪ್ಪು ಅವರದಲ್ಲ. ಹೇಳುವ ಧೈರ್ಯ ಮಾಡಿದ್ದಕ್ಕೆ ಕ್ಷಮೆಯಿರಲಿ. ರಂಗಸ್ವಾಮಿಯವರಿಗೆ ಆ ದಿನ ಆದದ್ದನ್ನು ಬೇರೆ ಯಾರಾದರೂ ಹೇಳುವಂತೆ ಕಾಣಲಿಲ್ಲ, ಅದಕ್ಕೇ.

ವನಗೂರಿನಾಚೆ ಗುಡ್ಡದ ಮೇಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಇಪ್ಪತ್ತೆಂಟು ವರ್ಷದಿಂದ ಮೆಕ್ಯಾನಿಕ್. ಒಂದು ಕಾಲಕ್ಕೆ ಸುತ್ತಲ ಎಸ್ಟೇಟುಗಳ ಇನ್ನೂರು ಫೋನು ಅಲ್ಲಿಂದ ಮಾತಾಡುತ್ತಿದ್ದವು. ಕರೆಂಟು ಹೋದರೂ ಒಳಕೋಣೆಯ ಇಪ್ಪತ್ತನಾಲ್ಕು ಬ್ಯಾಟರಿ ಸೆಲ್ಲುಗಳು ಹೆರಿಗೆಯ ಸುದ್ದಿ, ಕಾಫಿ ರೇಟು, ಬೀಗರ ಜಗಳ ಎಲ್ಲವನ್ನೂ ದಾಟಿಸುತ್ತಿದ್ದವು. ಈಗ ಉಳಿದಿರುವುದು ಹನ್ನೊಂದು ಫೋನು. ಆದರೂ ಆ ಕೋಣೆಯ ಹುಳಿ ವಾಸನೆ ಮೂಗಿಗೆ ಬಿದ್ದರೆ ಸಾಕು, ರಂಗಸ್ವಾಮಿಯ ಕಿವಿಯಲ್ಲಿ ಹಳೆಯ ಗದ್ದಲವೆಲ್ಲ ತುಂಬಿಕೊಳ್ಳುತ್ತಿತ್ತು. ರಿಟೈರಾಗಲು ಇನ್ನೆರಡು ವರ್ಷ. ಅದನ್ನೂ ಇಲ್ಲೇ ಕಳೆದರೆ ಸಾಕೆಂಬುದೊಂದೇ ಆಸೆ.

ತಿಂಗಳಿಗೊಮ್ಮೆ ಸೆಲ್ಲುಗಳನ್ನು ಕಣ್ಣಿಟ್ಟು ನೋಡಬೇಕು. ಡಬ್ಬಿ ಉಬ್ಬಿದೆಯೇ, ಸೀಳಿದೆಯೇ, ನೀರು ಗೆರೆಗಿಂತ ಕೆಳಗಿಳಿದಿದೆಯೇ, ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದೆಯೇ ಎಂದು ಬರೆದು, ಫೋಟೊ ಸಮೇತ ಹಾಸನದ ದೊಡ್ಡ ಆಫೀಸಿಗೆ ಕಳಿಸಬೇಕು.

ಆಯುಧಪೂಜೆ, ವಿಜಯದಶಮಿಯ ರಜೆ ಕಳೆದು ಬೆಳಿಗ್ಗೆ ಬಾಗಿಲು ತೆಗೆದರೆ ಇಪ್ಪತ್ತನಾಲ್ಕು ಸೆಲ್ಲುಗಳೂ ಮೈತುಂಬ ವಿಭೂತಿ ಬಳಿದುಕೊಂಡು, ಪಂಕ್ತಿಯೂಟಕ್ಕೆ ಕೂತ ಸ್ವಾಮಿಗಳಂತೆ ಸಾಲಾಗಿ ಕೂತಿದ್ದವು.

"ಏನವ್ವಾ ಇದು?" ಎಂದರು, ಕಸ ಗುಡಿಸುವ ಪಾರ್ವತಮ್ಮನಿಗೆ.

"ಪೂಜೆ ಅಲ್ವಾ ಸಾರ್. ಕತ್ತಿ ಗುದ್ಲಿಗೆಲ್ಲ ಹಚ್ತಾರೆ, ಇವೇನ್ ಪಾಪ ಮಾಡಿದ್ವು?"

"ಒಳಗೇ ಕರ್ಪೂರ ಹಚ್ಚಿದ್ಯಾ? ಗ್ಯಾಸು ಏಳೋ ಕೋಣೆ ಕಣವ್ವ."

"ಅಷ್ಟೂ ಗೊತ್ತಾಗಲ್ವಾ ನಂಗೆ? ಬಾಗ್ಲಾಚೆ ಹಚ್ಚಿ ದೂರದಿಂದ ತೋರಿಸ್ದೆ. ನಿಂಬೆಹಣ್ಣು ಮಾತ್ರ ಒಳಗೇ ಹಿಂಡ್ದೆ."

ಅಷ್ಟರಲ್ಲಿ ಜೀಪು ಓಡಿಸುವ ನಟರಾಜ್ ಇಣುಕಿದ. "ಬಿಳಿ ಪುಡಿ ಕಂಡ್ರೆ ಸೆಲ್ ಕೆಟ್ಟೈತೆ ಅಂತ ಎಕ್ಸ್‌ಚೇಂಜ್ ಬಾಗ್ಲೇ ಹಾಕ್ಬುಡ್ತಾರಂತೆ ಸಾರ್. ನಿಮ್ಮನ್ನ ಹಾಸನಕ್ಕೆ ಎತ್ತಾಕ್ತಾರೆ. ಅಂಗಡಿ ಹತ್ರ ಎಲ್ಲಾ ಅದೇ ಮಾತು."

ರಂಗಸ್ವಾಮಿ ಬಗ್ಗಿ ಒಂದೊಂದೇ ಸೆಲ್ಲು ನೋಡುತ್ತ ಹೋದರು. ಹನ್ನೆರಡನೆಯ ಸೆಲ್ಲಿನ ತುದಿಯಲ್ಲಿ ಬೆಳ್ಳಗೆ ಗಂಟು ಕಟ್ಟಿತ್ತು. ಅದು ವಿಭೂತಿಯೋ, ಆಸಿಡ್ಡು ಉಕ್ಕಿಸಿದ ಪುಡಿಯೋ?

"ಮೂಸಿ ನೋಡಿ," ಎಂದ ನಟರಾಜ್.

"ಸುಮ್ನಿರು ಮಾರಾಯ. ಅಡುಗೆ ಸೋಡಾ ತನ್ನಿ. ಆಸಿಡ್ಡಾದ್ರೆ ನೊರೆ ಬರ್ತದೆ."

ಪಾರ್ವತಮ್ಮ ಮನೆಗೋಡಿ ಸೋಡಾ ತಂದಳು. ಸೆಲ್ಲಿನ ಮುಚ್ಚಳ ಬಿಗಿಮಾಡಿ, ಸೋಡಾ ಹಾಕಿದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಗಂಟು ಹುಳಿ ಬಂದ ದೋಸೆಹಿಟ್ಟಿನಂತೆ ಉಬ್ಬಿತು. ರಂಗಸ್ವಾಮಿಯ ಮುಖ ಇಳಿಯಿತು.

"ನಿಂಬೆರಸಕ್ಕೂ ನೊರೆ ಬರ್ತೈತೆ ಕಣ್ರೀ," ಎಂದಳು ಪಾರ್ವತಮ್ಮ.

ಅದೂ ನಿಜವೇ. ಮೂವರೂ ಸೇರಿ ಮಧ್ಯಾಹ್ನ ಮೂರರವರೆಗೆ ಎಲ್ಲವನ್ನೂ ಒರೆಸಿ, ಫಳಫಳ ಹೊಳೆಸಿ, ಫೋಟೊ ಕಳಿಸಿದರು. ಆದರೆ ರಂಗಸ್ವಾಮಿಗೆ ಮನಸ್ಸು ತಡೆಯಲಿಲ್ಲ. ಕೆಳಗೆ ಬರೆದರು: 'ಬಿಳಿ ಪುಡಿ ಇತ್ತು. ಒರೆಸಿದ್ದೇನೆ. ವಿಭೂತಿ ಇರಬಹುದು.' ಕಳಿಸಿದ ಮೇಲೆ, ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕಿಕೊಂಡೆನೇನೋ ಎಂದು ಬರೆದದ್ದನ್ನೇ ಮತ್ತೆ ಮತ್ತೆ ಓದಿದರು.

ಐದು ಗಂಟೆಗೆ ಹಾಸನದ ಆಫೀಸರ್ ಮೋಹನ್ ಫೋನ್ ಮಾಡಿದರು.

"ರಂಗಸ್ವಾಮಿಯವರೇ, ವಿಭೂತಿಗೆ ನಮ್ಮಲ್ಲಿ ಕಾಲಂ ಇಲ್ಲ, ಆ ಸಾಲು ಹೊಡೆದುಹಾಕಿದೆ. ಸೆಲ್ಲುಗಳು ಹೊಸದರ ಹಾಗಿವೆ. ಇಷ್ಟು ಚೆನ್ನಾಗಿರೋವನ್ನ ಹನ್ನೊಂದು ಫೋನಿಗೆ ಇಟ್ಟುಕೊಂಡು ಏನು ಮಾಡೋದು? ನಾಳೆ ಲಾರಿ ಬರುತ್ತೆ, ಹತ್ತಿಸಿಕೊಡಿ. ಎಕ್ಸ್‌ಚೇಂಜ್ ಮುಚ್ಚಿ, ಸೋಮವಾರದಿಂದ ನೀವು ಹಾಸನಕ್ಕೆ ಬನ್ನಿ."

ರಂಗಸ್ವಾಮಿ ಫೋನನ್ನು ಕಿವಿಗೆ ಒತ್ತಿ ಹಿಡಿದರು. "ಸಾರ್, ಕೆಟ್ಟಿದ್ದಿದ್ರೆ?"

"ಕೆಟ್ಟವನ್ನ ಯಾರು ಹೊರ್ತಾರೆ? ಅಲ್ಲೇ ಬಿದ್ದಿರ್ತಿದ್ವು. ಕಾಯೋಕೆ ನೀವೂ ಅಲ್ಲೇ ಇರ್ತಿದ್ರಿ."

ಪಾರ್ವತಮ್ಮ, ನಟರಾಜ್ ಇಬ್ಬರೂ ಏನಂತೆ ಎಂದು ಬಾಯಿಬಿಟ್ಟು ನಿಂತಿದ್ದರು. ಅವರಿಗೆ ರಂಗಸ್ವಾಮಿ ಹೇಳಿದ್ದು ಒಂದೇ ಮಾತು: "ಪಾಸಾಯ್ತು."

ಸೆಲ್ಲುಗಳು ಲಾರಿ ಹತ್ತಿದವು, ಅವರು ಬಸ್ಸು ಹತ್ತಿದರು. ಅವು ಯಾವ ಊರಿಗೆ ಹೋದವು, ಈಗಲೂ ಯಾರದಾದರೂ ಮಾತು ದಾಟಿಸುತ್ತಿವೆಯೇ ಎಂದು ಹಾಸನದ ಆಫೀಸಿನಲ್ಲಿ ಎರಡು ಸಲ ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ. ಈ ಕತೆ ಹೇಳುವವರಿಗೂ ಗೊತ್ತಿಲ್ಲ.