ನೋಡಿದ್ರೆ ಗೊತ್ತಾಗತ್ತೆ

ಪ್ರಿನ್ಸಿಪಾಲರು ಮಾಸ್ಕನ್ನು ಇನ್ನೆರಡು ನಿಮಿಷ ತಡವಾಗಿ ಕಟ್ಟಿಕೊಂಡಿದ್ದರೆ ಆ ದಿನ ಅಷ್ಟೊಂದು ಅನಾಹುತ ಆಗುತ್ತಿರಲಿಲ್ಲ.

ಮೆಡಿಕಲ್ ಕಾಲೇಜಿನ ಅಡ್ಮಿಷನ್ ಗುಮಾಸ್ತರು ಬೆಳಿಗ್ಗೆ ಒಂಬತ್ತಕ್ಕೆ ಓಡೋಡಿ ಬಂದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅವರನ್ನು ತಡೆದಾಗ, ಅವರ ಕೈ ತೊಳೆದಾಗಿತ್ತು, ಮಾಸ್ಕ್ ಕಟ್ಟಿಯಾಗಿತ್ತು, ಒಳಗೆ ಮೇಜಿನ ಮೇಲೆ ಯಾರದೋ ಹೊಟ್ಟೆ ಕಾಯುತ್ತಿತ್ತು.

"ಸರ್, ಇವತ್ತಿನ ಮುಖ್ಯ ಅತಿಥಿಗಳು..."

"ಅವ್ರಿಗೆ ಜ್ವರ. ಬರಲ್ಲ. ಬೇರೆಯವರನ್ನ ಗೊತ್ತು ಮಾಡಿದೀನಿ. ಡಾಕ್ಟರ್ ಮ್ಹುಮ್ಹುಮ್."

"ಯಾರು ಸರ್?"

"ಮ್ಹುಮ್ಹುಮ್ ಕಣ್ರೀ! ಕೈ ಆಪರೇಷನ್ ಅಂದ್ರೆ ಅವ್ರೇ. ಬಹಳ ದೊಡ್ಡವರು. ಹನ್ನೊಂದರೊಳಗೆ ಬರ್ತಾರೆ, ಗೇಟಲ್ಲೇ ಎದುರುಗೊಳ್ಳಿ."

"ಗುರುತು ಹೇಗೆ ಸರ್?"

"ನೋಡಿದ್ರೆ ಗೊತ್ತಾಗತ್ತೆ."

ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿತು. ಇನ್ನು ಮೂರು ಗಂಟೆ ಆ ಬಾಗಿಲು ತಟ್ಟುವ ಧೈರ್ಯ ಯಮನಿಗೂ ಇರಲಿಲ್ಲ.

ಗುಮಾಸ್ತರನ್ನು ಕಾಲೇಜಿನಲ್ಲೆಲ್ಲ ಪಟ್ಟಿಯಪ್ಪ ಎಂದೇ ಕರೆಯುತ್ತಿದ್ದರು. ಕಂಕುಳಲ್ಲಿ ಒಂದಲ್ಲ ಒಂದು ಪಟ್ಟಿ ಇಲ್ಲದೆ ಅವರನ್ನು ಯಾರೂ ಕಂಡವರಿಲ್ಲ. ಕೊನೆಗೆ ಮನೆಯಲ್ಲಿ ಹೆಂಡತಿಯೂ ಹಾಗೇ ಕರೆಯತೊಡಗಿ, ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಹನ್ನೊಂದು ವರ್ಷದಿಂದ ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುವ ಕೆಲಸ ಅವರ ತಲೆಗೇ ಕಟ್ಟಿತ್ತು. ಸ್ವಾಗತ ಎಂದರೆ ಸುಮ್ಮನೆ ಅಲ್ಲ. ನೂರೈವತ್ತು ಮಕ್ಕಳು, ಮುನ್ನೂರು ಹೆತ್ತವರು, ಆ ಹೆತ್ತವರ ಮೂರು ಸಾವಿರ ಪ್ರಶ್ನೆ. "ನನ್ನ ಮಗ ರಕ್ತ ಕಂಡ್ರೆ ತಲೆ ತಿರುಗಿ ಬೀಳ್ತಾನೆ, ಅಂಥವರಿಗೆ ಬೇರೆ ಕ್ಲಾಸ್ ಇದೆಯಾ?" ಎಂದು ಒಬ್ಬ ತಂದೆ ಕೇಳಿದರೆ, "ಹೆಣ ಕೊಯ್ಯೋ ದಿನ ನಾನೂ ಪಕ್ಕದಲ್ಲಿ ಕೂತಿರಬಹುದಾ?" ಎಂದು ಒಬ್ಬ ತಾಯಿ ಕೇಳುತ್ತಿದ್ದಳು.

ಪಟ್ಟಿಯಪ್ಪನವರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ. ಕಟ್ಟಡದ ನೆಲಮಾಳಿಗೆಯಲ್ಲಿ ಹಳೆಯ ಕಡತಗಳ ಕೊಠಡಿಯೊಂದಿತ್ತು. ಅಲ್ಲಿ ಫೋನಿಲ್ಲ, ಪೋಷಕರಿಲ್ಲ. ಒಂದು ಮೇಜು, ಒಂದು ಫ್ಯಾನು, ಎತ್ತರದಲ್ಲೊಂದು ಕಿಟಕಿ. ಆಫೀಸಿನವರು ಅದನ್ನು ಪಾತಾಳ ಎನ್ನುತ್ತಿದ್ದರು. ತಪ್ಪು ಮಾಡಿದವರನ್ನು ಅಲ್ಲಿಗೆ ತಳ್ಳುವುದು ವಾಡಿಕೆ. ಪಟ್ಟಿಯಪ್ಪನವರಿಗೆ ಮಾತ್ರ ಅದೇ ಸ್ವರ್ಗ. ಅಲ್ಲಿಗೆ ವರ್ಗ ಮಾಡಿ ಎಂದು ವರ್ಷಕ್ಕೊಂದರಂತೆ ಹನ್ನೊಂದು ಅರ್ಜಿ ಕೊಟ್ಟಿದ್ದರು. ಯಾವ ಕಾಗದವನ್ನೂ ಓದುವ ಅಭ್ಯಾಸವಿಲ್ಲದ ಪ್ರಿನ್ಸಿಪಾಲರು ಹನ್ನೊಂದರ ಮೇಲೂ 'ನೋಡಿದೆ' ಎಂದು ಗೀಚಿ ಹಿಂದಕ್ಕೆ ಕಳಿಸಿದ್ದರು.

ಈ ವರ್ಷದ್ದು ಇನ್ನೊಂದು ತಲೆನೋವು. ನೂರಾ ನಲವತ್ತೊಂಬತ್ತು ಮಕ್ಕಳು ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಿದ್ದರು. ನೂರೈವತ್ತನೇ ನಂಬರಿನ ಪತ್ತೆ ಇರಲಿಲ್ಲ. ಸೀಟು ಹಂಚಿದ್ದು ಎಲ್ಲೋ ಕೂತ ಕಂಪ್ಯೂಟರು. ಕಾಲೇಜಿಗೆ ಬಂದದ್ದು ಬರೀ ನಂಬರು ಮತ್ತು ಹೆಸರು. ಆ ಹೆಸರೋ, ಗಂಡೋ ಹೆಣ್ಣೋ ಹೇಳಲಾಗದಂಥದ್ದು. ಇಂದು ಮಧ್ಯಾಹ್ನ ಹನ್ನೆರಡರೊಳಗೆ ಸಹಿ ಬೀಳದಿದ್ದರೆ ಸೀಟು ಹೋಯಿತು.

"ಅಲ್ಲ ಪಟ್ಟಿಯಪ್ಪನೋರೇ, ಅತಿಥಿ ಹೆಸರೇ ಗೊತ್ತಿಲ್ಲ ಅಂದ್ರೆ ಬೋರ್ಡ್ ಮೇಲೆ ಏನಂತ ಬರೀಲಿ?" ಎಂದು ಟೈಪಿಸ್ಟ್ ಅಕ್ಕ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಮಾನ್ಯ ಮುಖ್ಯ ಅತಿಥಿಗಳು ಅಂತ ಬರೀರಮ್ಮಾ. ಹೆಸರಿನ ಗೊಡವೆ ಬೇಡ. ಹೋದ ವರ್ಷ ಹೆಸರು ತಪ್ಪು ಓದಿ ಅನುಭವಿಸಿದ್ದು ಸಾಕು."

"ಬಂದ ಮೇಲೆ ಅವ್ರನ್ನೇ ಕೇಳ್ಬಹುದಲ್ಲ?"

"ಕರೆದವರೇ 'ನೀವ್ಯಾರು' ಅಂತ ಕೇಳೋದಾ? ನಿಮ್ಮ ಬುದ್ಧಿಗಿಷ್ಟು!"

ಹತ್ತೂ ಮುಕ್ಕಾಲಿಗೆ ಗೇಟಿನ ಮುಂದೆ ಒಂದು ಕಾರು ನಿಂತಿತು. ಅದರಿಂದ ಇಳಿದವರನ್ನು ಕಂಡದ್ದೇ ಪಟ್ಟಿಯಪ್ಪನವರಿಗೆ ಪ್ರಿನ್ಸಿಪಾಲರ ಮಾತು ವೇದವಾಕ್ಯ ಅನ್ನಿಸಿತು. ಹತ್ತಿಯಂಥ ತಲೆಗೂದಲು, ಚಿನ್ನದ ಕಟ್ಟಿನ ಕನ್ನಡಕ, ಕಪ್ಪು ಕೋಟು, ಅರವತ್ತು ದಾಟಿದ ಗಾಂಭೀರ್ಯ. ನೋಡಿದರೆ ಗೊತ್ತಾಗುತ್ತಿತ್ತು!

"ಬನ್ನಿ ಸರ್, ಬನ್ನಿ! ನಿಮ್ಮ ದಾರೀನೇ ಕಾಯ್ತಾ ಇದ್ದೆ!"

ಹಿರಿಯರು ಗಾಬರಿಯಾದರು. "ನನ್ನ ದಾರೀನಾ? ತಡ ಆಯ್ತೇನೋ ಅಂದ್ಕೊಂಡಿದ್ದೆ. ಮೊದಲು ಎಲ್ಲೋ ಸಹಿ ಹಾಕ್ಬೇಕಂತೆ..."

"ಸಹಿ ಎಲ್ಲ ಆಮೇಲೆ ಸರ್! ಅತಿಥಿಗಳ ಪುಸ್ತಕ ಎಲ್ಲಿಗೂ ಓಡಿಹೋಗಲ್ಲ." ಹೂಗುಚ್ಛವನ್ನು ಅವರ ಕೈಗೆ ತುರುಕಿ, ತೋಳು ಹಿಡಿದು, ಪಟ್ಟಿಯಪ್ಪನವರು ಅವರನ್ನು ಅತಿಥಿಗಳ ಕೋಣೆಗೆ ಸಾಗಿಸಿಯೇಬಿಟ್ಟರು. ಅಲ್ಲಿ ಕಾವಲಿಗೆ ಲೈಬ್ರರಿಯನ್ನರನ್ನು ಕೂರಿಸಿದರು. ಆ ಮನುಷ್ಯ ಬಾಯಿ ತೆರೆದರೆ ನಡುವೆ ಸೂಜಿ ತೂರಿಸಲೂ ಜಾಗವಿರುತ್ತಿರಲಿಲ್ಲ. ಹಿರಿಯರು "ಅದು, ನಾನು..." ಎಂದು ಶುರು ಮಾಡಿದಾಗಲೆಲ್ಲ ಲೈಬ್ರರಿಯನ್ನರು, "ಇರಿ ಸರ್, ಗೆದ್ದಲಿನ ವಿಷಯ ಮುಗಿಸಿಬಿಡ್ತೀನಿ" ಎಂದು ಲೈಬ್ರರಿಯ ಇನ್ನೊಂದು ಕಪಾಟಿನ ಕಥೆ ಶುರು ಮಾಡುತ್ತಿದ್ದರು.

ಇತ್ತ ಗಂಟೆ ಹನ್ನೊಂದು ಹೊಡೆಯಿತು. ನೂರೈವತ್ತನೇ ನಂಬರು ಇಲ್ಲ. ಪಟ್ಟಿಯಪ್ಪನವರು ರಿಜಿಸ್ಟರು ಹಿಡಿದು ಗೇಟಿಗೂ ಸಭಾಂಗಣಕ್ಕೂ ಮಗ್ಗದ ಲಾಳಿಯ ಹಾಗೆ ಓಡಾಡಿದರು. ದಾರಿಯಲ್ಲಿ ಸಿಕ್ಕ ಪೋಷಕರೆಲ್ಲ ಅವರ ಅಂಗಿ ಜಗ್ಗಿದರು. ಹಾಸ್ಟೆಲಿನ ಮಂಚ ಗಟ್ಟಿಯಂತೆ, ಬಿಳಿಕೋಟಿನ ತೋಳು ಉದ್ದವಂತೆ. ಒಬ್ಬರು ಅವರ ಮುಂದೆ ನಾಲಿಗೆ ಚಾಚಿ, "ನೋಡಿ ಹೇಳಿ, ಇದು ಅಲರ್ಜೀನಾ?" ಎಂದರು.

"ನಾನು ಗುಮಾಸ್ತ ಕಣ್ರೀ!"

"ಆದ್ರೇನಂತೆ, ಇಷ್ಟು ವರ್ಷದಿಂದ ಇಲ್ಲೇ ಇದೀರಲ್ಲ."

ಹನ್ನೊಂದೂ ಹತ್ತಕ್ಕೆ ಒಬ್ಬ ಹುಡುಗಿ ಬೆನ್ನಿಗೊಂದು ಚೀಲ ಹಾಕಿಕೊಂಡು, ಕ್ಯಾನ್ವಾಸ್ ಶೂ ತೊಟ್ಟು, ಬಸ್‌ಸ್ಟಾಪಿನ ಕಡೆಯಿಂದ ಬಿರಬಿರನೆ ಬಂದಳು.

"ಸರ್, ಹೊಸ ವಿದ್ಯಾರ್ಥಿಗಳ ಸ್ವಾಗತ ಇಲ್ಲೇ ಅಲ್ವಾ? ಬಸ್ಸು ಕೆಟ್ಟು ತಡ ಆಗೋಯ್ತು. ನಾನು..."

"ನೀನ್ಯಾರು ಅಂತ ಗೊತ್ತಮ್ಮಾ! ಬೆಳಿಗ್ಗೆಯಿಂದ ನಿನ್ನ ಹೆಸರು ಜಪ ಮಾಡ್ತಾ ಇದೀನಿ! ಮೂರು ದಿನ ಟೈಮ್ ಕೊಟ್ರೆ ಕೊನೇ ಗಳಿಗೇಲಿ ಬರೋದಾ? ನಾಳೆ ರೋಗಿ ಸಾಯ್ತಾ ಬಿದ್ದಿರ್ತಾನೆ, ಆಗ್ಲೂ ಬಸ್ಸು ಕೆಡ್ತು ಅಂತೀಯಾ?"

ಹುಡುಗಿ ಕಣ್ಣು ಕಣ್ಣು ಬಿಟ್ಟಳು. "ಕ್ಷಮಿಸಿ ಸರ್. ಆದ್ರೆ ನಾನು..."

"ಇಲ್ಲಿ ಸಹಿ ಹಾಕು! ಈ ಕೋಟು ತೊಟ್ಟುಕೋ! ಹಿಂದಿನ ಸಾಲಲ್ಲಿ ಕೂತು ಬಾಯಿ ಮುಚ್ಕೊಂಡಿರು!"

ಅವಳು ತುಟಿ ಕಚ್ಚಿ ನಗು ತಡೆಯುತ್ತ ಸಹಿ ಹಾಕಿದಳು. ಪಟ್ಟಿಯಪ್ಪನವರು ಕೊನೆಯ ಗೆರೆಗೆ ಟಿಕ್ ಮಾಡಿ, ಕೆಳಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ರಿಜಿಸ್ಟರು ಮುಚ್ಚಿದರು. ಹೆತ್ತ ಹೊಟ್ಟೆಗಾದರೂ ಅಷ್ಟು ಹಗುರ ಅನ್ನಿಸುತ್ತಿತ್ತೋ ಇಲ್ಲವೋ.

ಸಭೆ ಶುರುವಾಯಿತು. ಅಧ್ಯಕ್ಷತೆ ಅಂಗರಚನಾಶಾಸ್ತ್ರ ಕಲಿಸುವ ಮೂಳೆ ಮೇಷ್ಟ್ರದು. ಮನುಷ್ಯನ ಇನ್ನೂರಾ ಆರು ಮೂಳೆಗಳ ಪೈಕಿ ಪ್ರತಿಯೊಂದರ ಬಗ್ಗೆಯೂ ಒಂದು ಮಾತು ಹೇಳದೆ ಅವರು ಮೈಕು ಬಿಡುವವರಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅವರು ಮಂಡಿಚಿಪ್ಪಿನವರೆಗೆ ಬಂದಿದ್ದರು. ಪಟ್ಟಿಯಪ್ಪನವರು ಚೀಟಿ ಕಳಿಸಿ ಅವರನ್ನು ಕೂರಿಸಿದರು. ಅಷ್ಟು ಹೊತ್ತೂ ವೇದಿಕೆಯ ಮೇಲೆ ಮುಳ್ಳಿನ ಮೇಲೆ ಕೂತಂತೆ ಕೂತಿದ್ದ ಹಿರಿಯರು ಗಡಿಯಾರ ನೋಡುತ್ತ ಮೈಕಿಗೆ ಬಂದರು.

"ಮಕ್ಕಳೇ, ನನ್ನನ್ನ ಇಲ್ಲಿ ಯಾಕೆ ಕೂರಿಸಿದಾರೋ ನನಗೇ ಗೊತ್ತಿಲ್ಲ."

ಸಭೆ ಗೊಳ್ಳೆಂದು ನಕ್ಕಿತು.

"ತಮಾಷೆ ಅಲ್ಲ. ವೈದ್ಯಶಾಸ್ತ್ರದಲ್ಲಿ ನನಗೆ ಗೊತ್ತಿರೋದು ಸೊನ್ನೆ. ನಾನೂ ನಿಮ್ಮ ಹಾಗೇ ಕಲಿಯೋಕೆ ಬಂದವನು."

ಚಪ್ಪಾಳೆ ಸುರಿಯಿತು.

"ನಿಮ್ಮೆಲ್ಲರಿಗಿಂತ ನನಗೇ ಭಯ ಜಾಸ್ತಿ. ನಿನ್ನೆಯಿಂದ ಅನ್ನ ಸೇರಿಲ್ಲ. ಈ ಮೇಷ್ಟ್ರು ಹೇಳಿದ ಮೂಳೆಗಳಲ್ಲಿ ಒಂದರ ಹೆಸರೂ ತಲೇಲಿ ನಿಂತಿಲ್ಲ."

ಬೆಳಿಗ್ಗೆಯಿಂದ ಅಮ್ಮನ ಕೈ ಬಿಡದೆ ಅಳುತ್ತಿದ್ದ ಹುಡುಗನೊಬ್ಬ ಮೊದಲ ಸಲ ಹಲ್ಲು ಬಿಟ್ಟ. ಮೂಳೆ ಮೇಷ್ಟ್ರು ಕಣ್ಣೊರೆಸಿಕೊಂಡು, "ವಿನಯ ಅಂದ್ರೆ ಇದು ಕಣ್ರೀ! ತುಂಬಿದ ಕೊಡ!" ಎಂದರು. ಪಟ್ಟಿಯಪ್ಪನವರ ಎದೆ ಉಬ್ಬಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನಡೆದಿತ್ತು.

ಹನ್ನೆರಡೂ ಕಾಲಿಗೆ ಪ್ರಿನ್ಸಿಪಾಲರು ಆಪರೇಷನ್ ಮುಗಿಸಿ ಅವಸರದಿಂದ ಸಭಾಂಗಣಕ್ಕೆ ಬಂದರು. ವೇದಿಕೆ ನೋಡಿದರು. ಪಟ್ಟಿಯಪ್ಪನವರನ್ನು ನೋಡಿದರು.

"ಅದ್ಯಾರ್ರೀ ಅಲ್ಲಿ ಕೂತಿರೋದು?"

"ಮುಖ್ಯ ಅತಿಥಿಗಳು ಸರ್. ನೋಡಿದ ಕೂಡಲೇ ಗೊತ್ತಾಯ್ತು."

"ನಿಮ್ಮ ತಲೆ! ನಾನು ಕರೆದಿರೋದು ಹೆಂಗಸನ್ನ! ಮೂವತ್ತೆರಡನೇ ವಯಸ್ಸಿಗೇ ಕತ್ತರಿಸಿದ ಕೈ ಕೂಡಿಸಿ ಹೆಸರು ಮಾಡಿದವರನ್ನ! ಎಲ್ರೀ ಅವರು?"

ಹಿಂದಿನ ಸಾಲಿನಲ್ಲಿ, ಬಿಳಿಕೋಟು ತೊಟ್ಟ ಹುಡುಗಿಯೊಬ್ಬಳು ಕೈ ಎತ್ತಿದಳು. "ಇಲ್ಲೇ ಇದೀನಿ ಸರ್. ಬಾಯಿ ಮುಚ್ಕೊಂಡಿರು ಅಂದಿದಾರೆ, ಅದಕ್ಕೆ ಸುಮ್ಮನಿದ್ದೆ."

ಪಟ್ಟಿಯಪ್ಪನವರು ರಿಜಿಸ್ಟರನ್ನು ಎದೆಗೆ ಅವಚಿಕೊಂಡರು.

ಸಭೆ ಹೇಗೋ ಮುಗಿಯಿತು. ಎಲ್ಲರೂ ಪ್ರಿನ್ಸಿಪಾಲರ ಕೋಣೆಗೆ ಬಂದರು. ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ನಡೆದ ಮಾತನ್ನೆಲ್ಲ ಪಟ್ಟಿಯಪ್ಪನವರು ದಾರಿಯಲ್ಲೇ ಇಬ್ಬರಿಗೂ ಒಪ್ಪಿಸಿದ್ದರು. ಟೈಪಿಸ್ಟ್ ಅಕ್ಕ ಮತ್ತು ಲೈಬ್ರರಿಯನ್ನರು ಯಾರೂ ಕರೆಯದಿದ್ದರೂ ಬಂದು ಬಾಗಿಲಿಗೆ ಆತುಕೊಂಡು ನಿಂತರು.

"ನೀವು ಯಾರು ಅಂತ..." ಪ್ರಿನ್ಸಿಪಾಲರು ಹಿರಿಯರ ಕಡೆ ತಿರುಗಿದರು.

"ನಾನು ನೂರೈವತ್ತನೇ ನಂಬರು," ಎಂದರು ಹಿರಿಯರು ಮೆಲ್ಲಗೆ. "ಮೊದಲನೇ ವರ್ಷ. ವಯಸ್ಸಿನ ಮಿತಿ ಈ ಸಲ ತೆಗೆದ್ರಲ್ಲ, ಪರೀಕ್ಷೆ ಬರೆದೆ. ಮೂವತ್ತೈದು ವರ್ಷ ವಕೀಲಿಕೆ ಮಾಡಿದೀನಿ. ಡಾಕ್ಟರಾಗ್ಬೇಕು ಅನ್ನೋದು ಚಿಕ್ಕಂದಿನ ಆಸೆ. ಇವರು ಹೂ ಕೊಟ್ಟು ಕರ್ಕೊಂಡ್ಹೋದಾಗ, ಹೊಸಬರನ್ನೆಲ್ಲ ಹೀಗೇ ನೋಡ್ಕೋತಾರೆ, ಎಂಥ ಕಾಲೇಜಪ್ಪಾ ಅಂದ್ಕೊಂಡೆ."

ಪ್ರಿನ್ಸಿಪಾಲರು ರಿಜಿಸ್ಟರು ತೆರೆದರು. ನೂರೈವತ್ತನೇ ಗೆರೆಯ ಮೇಲೆ ಮುಖ್ಯ ಅತಿಥಿಯ ಸಹಿ ಮುದ್ದಾಗಿ ಕೂತಿತ್ತು. ಗಂಟೆ ಒಂದಾಗುತ್ತಾ ಬಂದಿತ್ತು.

"ಸೀಟು ಹೋಯ್ತಲ್ರೀ ಇವರದ್ದು!"

"ಹೇಗೆ ಹೋಗತ್ತೆ?" ವಕೀಲರ ದನಿ ಒಮ್ಮೆಲೇ ಗಟ್ಟಿಯಾಯಿತು. "ಹತ್ತೂ ಮುಕ್ಕಾಲಿಗೆ ಬಂದು ಸಹಿ ಎಲ್ಲಿ ಅಂತ ಕೇಳಿದೀನಿ. ನಿಮ್ಮ ನೌಕರರೇ ತೋಳು ಹಿಡಿದು ಕರ್ಕೊಂಡ್ಹೋದ್ರು. ಹನ್ನೆರಡು ಹೊಡೆಯೋ ಹೊತ್ತಿಗೆ ನಿಮ್ಮ ವೇದಿಕೆ ಮೇಲೆ, ನಿಮ್ಮ ಮೈಕಲ್ಲಿ ಮಾತಾಡ್ತಾ ಇದ್ದೆ. ನಾನೂರೈವತ್ತು ಜನ ಸಾಕ್ಷಿ. ಹಾಜರಿ ಅಂದ್ರೆ ಇನ್ನೇನು ಬೇಕು?"

ಪ್ರಿನ್ಸಿಪಾಲರು ತೆಪ್ಪಗೆ ಪೆನ್ನು ಕೊಟ್ಟರು. ಹಿರಿಯರು ಸಹಿ ಹಾಕಿದರು. ಆಮೇಲೆ ಪ್ರಿನ್ಸಿಪಾಲರ ಸಿಟ್ಟು ಹೋಗಲು ಉಳಿದದ್ದು ಒಂದೇ ದಿಕ್ಕು.

"ಪಟ್ಟಿಯಪ್ಪನೋರೇ! ಸಾಕು ನಿಮ್ಮ ಸ್ವಾಗತ! ಇನ್ಮೇಲೆ ಒಬ್ಬ ವಿದ್ಯಾರ್ಥಿ, ಒಬ್ಬ ಪೋಷಕ ನಿಮ್ಮ ಕಣ್ಣಿಗೆ ಬೀಳಕೂಡದು. ನಾಳೆಯಿಂದ ನೆಲಮಾಳಿಗೆ! ಹಳೇ ಕಡತಗಳ ಜೊತೆ ಕೊಳೀತಾ ಬಿದ್ದಿರಿ! ಅಮ್ಮಾ, ಆರ್ಡರ್ ಟೈಪ್ ಮಾಡಿ!"

ಟೈಪಿಸ್ಟ್ ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಪಟ್ಟಿಯಪ್ಪನವರ ಕಿವಿಯಲ್ಲಿ ಮಾತ್ರ ಆ ಎತ್ತರದ ಕಿಟಕಿಯಿಂದ ಗಾಳಿ ಸುಯ್ಯೆಂದಿತು. ಅವರು ಕಷ್ಟಪಟ್ಟು ಮುಖ ಸಪ್ಪಗೆ ಮಾಡಿಕೊಂಡು, "ಆಗ್ಲಿ ಸರ್. ಮಾಡಿದ್ದುಣ್ಣೋ ಮಹಾರಾಯ," ಎಂದು ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟರು.

"ಒಂದು ನಿಮಿಷ," ಎಂದರು ವಕೀಲರು.

"ಬೇಡ ಸರ್," ಎಂದರು ಪಟ್ಟಿಯಪ್ಪನವರು ಥಟ್ಟನೆ.

"ನೀವು ಸುಮ್ಮನಿರಿ. ಈ ಮನುಷ್ಯನದು ತಪ್ಪೇ ಅಲ್ಲ. ಹೆಸರು ಹೇಳದೆ, ಗುರುತು ಹೇಳದೆ, ನೋಡಿದ್ರೆ ಗೊತ್ತಾಗತ್ತೆ ಅಂದ್ರೆ ಯಾರಿಗೆ ಗೊತ್ತಾಗತ್ತೆ?"

"ಇಲ್ಲ ಸರ್, ತಪ್ಪು ನಂದೇ! ಶಿಕ್ಷೆ ಆಗ್ಲೇಬೇಕು! ಕೈ ಮುಗೀತೀನಿ, ಬಿಟ್ಬಿಡಿ!"

"ನೋಡಿದ್ರಾ ಪ್ರಾಮಾಣಿಕತೆ!" ವಕೀಲರು ಮೇಜು ಗುದ್ದಿದರು. "ಇಂಥವರನ್ನ ಪಾತಾಳಕ್ಕೆ ತಳ್ತೀರಾ? ಈ ವಯಸ್ಸಲ್ಲಿ ಎಲ್ಲರೂ ನಗ್ತಾರೆ ಅಂತ ಅಂಜುತ್ತಾ ಬಂದೆ. ನಕ್ಕು ಕರೆದವರು ಇವರೊಬ್ಬರೇ!"

"ನನ್ನ ಕಡೆಯಿಂದಾನೂ ದೂರಿಲ್ಲ," ಎಂದಳು ಮುಖ್ಯ ಅತಿಥಿ. "ಡಾಕ್ಟರಾದ ಮೇಲೆ ಯಾರೂ ನನ್ನನ್ನ ಹೀಗೆ ಬೈದೇ ಇಲ್ಲ. ಮಕ್ಕಳಿಗೆ ಇಂಥವರೊಬ್ಬರು ಬೇಕು ಸರ್."

ಪ್ರಿನ್ಸಿಪಾಲರು ಇಬ್ಬರ ಮುಖ ನೋಡಿದರು. ತಾವು ಮಾಸ್ಕ್ ಕಟ್ಟಿಕೊಂಡು ಆಡಿದ ಮಾತೂ ನೆನಪಾಯಿತು. ಸಿಟ್ಟು ಇಳಿಯಿತು.

"ಸರಿ. ಆರ್ಡರ್ ಬೇಡಮ್ಮಾ. ಪಟ್ಟಿಯಪ್ಪನೋರೇ, ನಿಮ್ಮ ಬೆಲೆ ನನಗೆ ಗೊತ್ತಾಗಿರಲಿಲ್ಲ. ನೀವು ರಿಟೈರ್ ಆಗೋವರೆಗೂ ಈ ಸ್ವಾಗತದ ಕೆಲಸ ನಿಮ್ಮಿಂದ ಯಾರೂ ಕಿತ್ಕೊಳ್ಳಲ್ಲ. ನಾನು ಮಾತು ಕೊಡ್ತೀನಿ."

ವಕೀಲರು ಪಟ್ಟಿಯಪ್ಪನವರ ಎರಡೂ ಕೈ ಹಿಡಿದು ಕುಲುಕಿದರು. "ನೋಡಿ, ಇನ್ನೂ ಒಂದು ಪಾಠ ಆಗಿಲ್ಲ, ಮೊದಲ ದಿನಾನೇ ಒಬ್ಬರನ್ನ ಉಳಿಸ್ಕೊಂಡೆ!"

ಪಟ್ಟಿಯಪ್ಪನವರ ಕಣ್ಣಿಂದ ಬಳಬಳನೆ ನೀರಿಳಿಯಿತು.

"ಛೆ ಛೆ," ಎಂದರು ವಕೀಲರು, ಅವರ ಬೆನ್ನು ತಟ್ಟುತ್ತ. "ಋಣ ಗಿಣ ಅಂತೆಲ್ಲ ಮನಸ್ಸಿಗೆ ಹಚ್ಕೋಬೇಡಿ. ಇನ್ನು ಐದೂವರೆ ವರ್ಷ ಇಲ್ಲೇ ಇರ್ತೀನಲ್ಲ, ನಿಮಗೆ ಏನೇ ಕಷ್ಟ ಬಂದ್ರೂ ನಾನಿದೀನಿ."