ತುಟಿ ಆಡಿಸಿದರೆ ಸಾಕು

ಒಂದು ಕೆನ್ನೆಯ ಗಡ್ಡ ಹೋಗಿ ಇನ್ನೊಂದು ಕೆನ್ನೆಯಲ್ಲಿ ಸೋಪಿನ ನೊರೆ ಇರುವಾಗಲೇ ಫೋನ್ ಬಡಿದುಕೊಂಡಿತು.

"ಲಿಫ್ಟಣ್ಣ, ತಪ್ಪು ತಿಳ್ಕೋಬೇಡಿ," ಎಂದರು ಪಿಯಾನೊ ಟೀಚರು. ಚರ್ಚಿನ ಹಾಡಿನ ತಂಡ ನಡೆಸುವವರು ಅವರೇ. ಹೀಗೆ ಶುರುವಾದ ಅವರ ಯಾವ ಮಾತೂ ಇದುವರೆಗೆ ಒಳ್ಳೆಯ ರೀತಿಯಲ್ಲಿ ಮುಗಿದಿರಲಿಲ್ಲ. "ಇವತ್ತು ಬಿಷಪ್ಪರು ಬರ್ತಾರೆ. ನೀವು ಹಾಡಬೇಡಿ. ಸುಮ್ನೆ ತುಟಿ ಆಡಿಸಿ, ಸಾಕು."

"ಹಾಡಲೇಬಾರದಾ?"

"ಮುಖದಲ್ಲಿ ಭಕ್ತಿ ಇರಲಿ, ದನಿ ಬೇಡ. ಒಂದು ಸಣ್ಣ ಸದ್ದು ಬಂದ್ರೂ ಮುಂದಿನ ವಾರದಿಂದ ತಂಡದಲ್ಲಿ ನಿಮಗೆ ಜಾಗ ಇಲ್ಲ. ಯಾರಿಗೂ ಹೇಳಬೇಡಿ, ನಿಮ್ಮ ಮರ್ಯಾದೆ ಪ್ರಶ್ನೆ."

ಲಿಫ್ಟ್ ರಿಪೇರಿ ಮಾಡುವ ಅವನಿಗೆ ತನ್ನ ದನಿ ಎಂಥದ್ದೆಂದು ಗೊತ್ತಿರಲಿಲ್ಲವೆಂದಲ್ಲ. ಮೂರನೇ ಮಹಡಿ ಬಿಟ್ಟು ನಾಲ್ಕನೆಯದನ್ನು ಮುಟ್ಟಲಾಗದ ಲಿಫ್ಟಿನಂತೆ ಅದು ಎರಡು ಸ್ವರಗಳ ನಡುವೆ ಸಿಕ್ಕಿಕೊಂಡು ನಡುಗುತ್ತಿತ್ತು. ಆದರೆ ವಾರವೆಲ್ಲ ಕತ್ತಲೆಯ ಗುಂಡಿಗಳಲ್ಲಿ ಗ್ರೀಸು ಮೆತ್ತಿಕೊಂಡು, ಮೇಲಿನಿಂದ ಜನರ ಬೈಗುಳ ಕೇಳುವವನಿಗೆ ಭಾನುವಾರದ ಆ ಹಾಡೊಂದೇ ಉಸಿರು. ಅದೂ ಹೋದರೆ ಉಳಿಯುವುದು ಗ್ರೀಸು.

ಹೆಂಡತಿಗೆ ಹೇಳಿದ.

"ಕೊನೆಗೂ ಯಾರಿಗೋ ಧೈರ್ಯ ಬಂತಲ್ಲ," ಎಂದಳು ಅವಳು. ಮರುಗಳಿಗೆ ಕೈ ಬಾಯಿಗೆ ಹೋಯಿತು. "ಅಯ್ಯೋ! ಅಮ್ಮ ಬಂದಿರೋದೇ ನಿಮ್ಮ ಹಾಡು ಕೇಳೋಕೆ. ಬಹಳ ಚೆನ್ನಾಗಿ ಹಾಡ್ತಾರೆ ಅಂತ ಬಡಾಯಿ ಕೊಚ್ಚಿಬಿಟ್ಟಿದ್ದೀನಿ."

"ಯಾಕೆ ಕೊಚ್ಚಿದೆ?"

"ನಿಮ್ಮ ಬಗ್ಗೆ ಹೇಳೋಕೆ ಬೇರೆ ಏನಿತ್ತು?"

ಅವಳು ಈ ಗುಟ್ಟನ್ನು ಕೆಳಮನೆಯ ನಿವೃತ್ತ ಬಸ್ ಕಂಡಕ್ಟರರ ಹೆಂಡತಿಗೆ ಮಾತ್ರ ಹೇಳಿದಳು. ಹಾಗಾಗಿ ಅವನು ಇಳಿಯುವಷ್ಟರಲ್ಲಿ ಕಂಡಕ್ಟರರು ಮೆಟ್ಟಿಲಿಗೆ ಅಡ್ಡ ನಿಂತಿದ್ದರು.

"ತುಟಿ ಆಡಿಸೋದು ಅಂದ್ರೆ ಹುಡುಗಾಟ ಅಲ್ಲ ಕಣಯ್ಯ. ದವಡೇನೂ ಜೊತೇಲಿ ಇಳೀಬೇಕು. ಎಲ್ಲಿ, ಮಾಡು ನೋಡೋಣ."

ಅವನು ಮಾಡಿ ತೋರಿಸಿದ. ಹಿಂದಿನಿಂದ ಇಳಿದು ಬಂದ ಅತ್ತೆ ಅಳಿಯನ ಮುಖ ನೋಡಿ ಗಾಬರಿಯಾದರು.

"ಏನೇ ಇದು, ಅಳಿಯಂದ್ರಿಗೆ ಹಲ್ಲುನೋವಾ?"

ಚರ್ಚಿನ ಹಿಂಬದಿಯ ಕೋಣೆಯಲ್ಲಿ ತಂಡದವರು ಬಿಳಿ ನಿಲುವಂಗಿ ತೊಡುತ್ತಿದ್ದರು. ಪ್ರತಿ ವಾರ ಕಿಟಕಿಯ ಗಾಜು ಅದುರುವಂತೆ ಗಂಟಲು ಸರಿಮಾಡಿಕೊಳ್ಳುವ ಬೇಕರಿಯವನು ಇವತ್ತು ಮೂಲೆಯಲ್ಲಿ ಬಿಸಿನೀರು ಕುಡಿಯುತ್ತಿದ್ದ. ನರ್ಸಮ್ಮ ಲಿಫ್ಟಣ್ಣನತ್ತ ನೋಡಿ, ತಟ್ಟನೆ ಮುಖ ತಿರುಗಿಸಿದರು.

'ಇವರಿಗೂ ಗೊತ್ತಾಗಿದೆ,' ಎಂದುಕೊಂಡ ಲಿಫ್ಟಣ್ಣ. "ಯಾಕಪ್ಪ, ಇವತ್ತು ಸದ್ದೇ ಇಲ್ಲ?" ಎಂದು ಬೇಕರಿಯವನನ್ನು ಕೆಣಕಿದ.

"ದನಿ ಉಳಿಸ್ಕೋತಿದ್ದೀನಿ," ಎಂದ ಅವನು, ಲೋಟಕ್ಕೇ ಹೇಳುವಂತೆ.

ಬಿಷಪ್ಪರು ಬಂದು ಕುಳಿತರು. ಸಭೆ ಎದ್ದು ನಿಂತಿತು. ಪಿಯಾನೊ ಹಾಡಿನ ಬಾಗಿಲು ತೆರೆದು ಕೊಟ್ಟಿತು. ತಂಡದ ಎಲ್ಲ ಬಾಯಿಗಳೂ ಒಟ್ಟಿಗೆ ತೆರೆದವು.

ಲಿಫ್ಟಣ್ಣನಿಗೆ ಏನೂ ಕೇಳಿಸಲಿಲ್ಲ. ಕಿವಿ ಹೋಯಿತೆಂದು ಹೆದರಿ ಕಿರುಬೆರಳು ಹಾಕಿ ತಿರುಗಿಸಿದ. ಆದರೆ ಪಿಯಾನೊ ಚೆನ್ನಾಗಿಯೇ ಕೇಳುತ್ತಿತ್ತು. ಪಕ್ಕದಲ್ಲಿ ಬೇಕರಿಯವನ ಬಾಯಿ ಅವನ ಒಲೆಯ ಬಾಗಿಲಿನಷ್ಟೇ ದೊಡ್ಡದಾಗಿ ತೆರೆದಿತ್ತು. ಕತ್ತಿನ ನರ ಉಬ್ಬಿತ್ತು. ದನಿ ಮಾತ್ರ ಇರಲಿಲ್ಲ. ನರ್ಸಮ್ಮನ ಕಣ್ಣಲ್ಲಿ ಭಕ್ತಿ ತುಳುಕುತ್ತಿತ್ತು, ಬಾಯಲ್ಲಿ ಬರೀ ಗಾಳಿ.

ಟೀಚರು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದ್ದರು. ಎಲ್ಲರಲ್ಲೂ ಒಂದೊಂದು ಕೊರತೆ ಕಂಡ ಅವರು, ಕೊನೆಗೆ ಹಾಡುವುದಕ್ಕೆ ಯಾರನ್ನು ಉಳಿಸಿದ್ದೇನೆಂದು ಮಾತ್ರ ನೋಡಿರಲಿಲ್ಲ. ಈಗ ಅವರ ಮುಖ ಪಿಯಾನೊದ ಬಿಳಿ ಕೀಲಿಗಳ ಬಣ್ಣಕ್ಕೆ ತಿರುಗಿತ್ತು.

"ಜೋರಾಗಿ ಹಾಡ್ರಪ್ಪಾ!" ಎಂದು ಮುಂದಿನ ಸಾಲಿನಿಂದ ಅತ್ತೆ ಕೂಗಿದರು. ಹೆಂಡತಿ ಹಾಡಿನ ಪುಸ್ತಕದೊಳಗೆ ಮುಖ ಹುಗಿದುಕೊಂಡಳು.

ಲಿಫ್ಟಣ್ಣನಿಗೆ ರೇಗಿಹೋಯಿತು. ಟೀಚರ ಮೇಲೆ, ಬೇಕರಿಯವನ ಮೇಲೆ, ಕಂಡಕ್ಟರರ ದವಡೆಯ ಮೇಲೆ. ತಂಡ ಹಾಳಾಗಿ ಹೋಗಲಿ! ಎದೆ ತುಂಬ ಉಸಿರು ಎಳೆದುಕೊಂಡು ಹಾಡಿಯೇಬಿಟ್ಟ. ದನಿ ಎಂದಿನಂತೆ ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಅದನ್ನು ಕೇಳಿದ್ದೇ ತಡ, 'ಇವನೇ ಹಾಡುತ್ತಾನೆಂದ ಮೇಲೆ ನಮ್ಮದೇನು' ಎಂಬಂತೆ ಬೇಕರಿಯವನೂ ಶುರುಮಾಡಿದ. ನರ್ಸಮ್ಮ ಸೇರಿಕೊಂಡರು. ಎಲ್ಲರೂ ತಮಗೆ ತೋಚಿದ ಶ್ರುತಿಯಲ್ಲಿ ಹೊರಟರು.

ಚರಣ ಮುಗಿಯುವ ಮೊದಲೇ ಬಿಷಪ್ಪರು ಎದ್ದು ಬಂದರು. ಟೀಚರು ಕಣ್ಣು ಮುಚ್ಚಿಕೊಂಡರು.

"ಕೃಪೆ ಅಂದ್ರೇನು ಅಂತ ದೊಡ್ಡ ಪ್ರಸಂಗ ಬರ್ಕೊಂಡು ಬಂದಿದ್ದೆ," ಎಂದರು ಬಿಷಪ್ಪರು, ಕಣ್ಣೊರೆಸಿಕೊಳ್ಳುತ್ತ. "ಇನ್ನು ಅದನ್ನ ಓದೋದು ಯಾಕೆ? ನೀವು ಇರೋ ಹಾಗೇ ಬಂದು ಹಾಡಿದ್ರಿ, ಅಷ್ಟೇ ಅದು. ಸಭೆಯವರೂ ಸೇರಿ ಎಲ್ಲರೂ ಮೊದಲಿಂದ ಹಾಡೋಣ, ನಾನೂ ಸೇರ್ಕೋತೀನಿ." ಮೈಕನ್ನು ಎಳೆದು ಇಬ್ಬರ ನಡುವೆ ಇಟ್ಟುಕೊಂಡು ಲಿಫ್ಟಣ್ಣನ ಹೆಗಲ ಮೇಲೆ ಕೈ ಹಾಕಿದರು.

ಅತ್ತೆಯ ಮುಖ ಅರಳಿತು. ಲಿಫ್ಟಣ್ಣನ ಎದೆ ಉಬ್ಬಿತು. ಜನ್ಮದಲ್ಲಿ ಮೊದಲ ಸಲ ಅವನ ದನಿ ನಾಲ್ಕನೇ ಮಹಡಿ ಮುಟ್ಟಿ, ಬಾಗಿಲು ತೆರೆಯಿತು. ಹಾಗೆಂದು ಅವನಿಗಾದರೂ ಅನ್ನಿಸಿತು.

ಆಗ ಬಿಷಪ್ಪರು ಹಾಡತೊಡಗಿದರು.

ಅವರ ದನಿ ಹಗ್ಗ ಹರಿದ ಲಿಫ್ಟು. ಎಲ್ಲಿಂದ ಶುರುವಾದರೂ ನೇರ ನೆಲಮಾಳಿಗೆಗೆ. ಜೊತೆಗೆ ಲಿಫ್ಟಣ್ಣನನ್ನೂ ಎಳೆದುಕೊಂಡೇ ಹೋಗುತ್ತಿತ್ತು. ಅವನು ಒಂದು ಚರಣ ಸಹಿಸಿದ. ಎರಡನೆಯದರಲ್ಲಿ ಹಲ್ಲು ಕಚ್ಚಿದ. ಛೆ, ಇಷ್ಟು ಒಳ್ಳೆಯ ಹಾಡನ್ನು ಹೀಗೆ ಕೆಡಿಸುವುದೇ? ಆ ಚರಣ ಮುಗಿಯುತ್ತಲೇ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದ:

"ಬೇಜಾರು ಮಾಡ್ಕೋಬೇಡಿ... ದನಿ ಬೇಡ, ತುಟಿ ಸಾಕು."

ಮೈಕು ಅದನ್ನು ಕೊನೆಯ ಬೆಂಚಿನವರೆಗೂ ತಲುಪಿಸಿತು.

ಬಿಷಪ್ಪರು ಸಣ್ಣ ಹುಡುಗನಂತೆ ತಲೆಯಾಡಿಸಿ ದನಿ ನಿಲ್ಲಿಸಿದರು. ತುಟಿ ಮಾತ್ರ ನಗುತ್ತಲೇ ಆಡುತ್ತಿತ್ತು. ಆದರೆ ಬೇಕರಿಯವನು ಆ ಮಾತು ತನಗೇ ಅಂದುಕೊಂಡ. ನರ್ಸಮ್ಮ ತಮಗೆ ಅಂದುಕೊಂಡರು. ಬೆಂಚುಗಳಲ್ಲಿ ಹಾಡುತ್ತಿದ್ದವರೆಲ್ಲ ತಂತಮ್ಮ ದನಿಯನ್ನು ನೆನೆದು ಗಪ್‌ಚಿಪ್ಪಾದರು.

ಉಳಿದದ್ದು ಪಿಯಾನೊ, ಮೈಕು ಮತ್ತು ಲಿಫ್ಟಣ್ಣ. ಬಿಷಪ್ಪರ ಕೈ ಇನ್ನೂ ಅವನ ಹೆಗಲ ಮೇಲೆ ಪ್ರೀತಿಯಿಂದ ಕುಳಿತಿತ್ತು. ಹಾಡಿಗೆ ಇನ್ನೂ ಮೂರು ಚರಣ ಬಾಕಿಯಿತ್ತು.