ಗುಡ್ಡಕ್ಕೆ ಮಂಜೂರಾದದ್ದು

ಎಲ್ಲಕ್ಕೂ ಮೂಲ ಸಮಾಧಾನನ ಬಾಯಿ. ಹಿಂದಿನ ದಿನ ಊರ ಕಟ್ಟೆಯ ಮೇಲೆ ನಿಂತು ಅವನೇ ಸಾರಿದ್ದ: “ನಾಳೆ ಪ್ರವಾಸೋದ್ಯಮದ ಸಾಹೇಬ್ರು ಗುಡ್ಡಾ ನೋಡಾಕ ಬರ್ತಾರ. ಅವರ ಮನಸ್ಸಿಗಿ ಬಂತಂದ್ರ ತುದೀತನಾ ಪಾವಟಿಗಿ ಆಗ್ತಾವು. ಚಂದಂಗ ನೋಡ್ಕೋರಿಪಾ.”

ನಿಪ್ಪಾಣಿ ಸೀಮೆಯ ಆ ಬೋಳು ಗುಡ್ಡದ ತುದಿಯಲ್ಲಿ ಅವನದೊಂದು ಚಹದಂಗಡಿ. ಇಡೀ ಗುಡ್ಡದಲ್ಲಿ ಸಪಾಟಾದ ಜಾಗ ಅದೊಂದೇ. ಅಲ್ಲಿಂದ ಕಬ್ಬಿನ ಹೊಲಗಳಾಚೆ ಸೂರ್ಯ ಮುಳುಗುವುದನ್ನು ನೋಡಲು ಜನ ಬರುತ್ತಿದ್ದರು. ಹತ್ತಲು ಪಾವಟಿಗೆ, ಅಂದರೆ ಮೆಟ್ಟಿಲು, ಇಲ್ಲದ್ದಕ್ಕೆ ಅರ್ಧದಲ್ಲೇ ಏದುಸಿರು ಬಿಟ್ಟು ಇಳಿದುಹೋಗುತ್ತಿದ್ದರು. ಎರಡು ವರ್ಷ ಹೆಗಲ ಮೇಲೆ ನೀರು ಹೊತ್ತು ಕಾಸಿದ ಚಹಾವನ್ನು ಬಹುಪಾಲು ಅವನೇ ಕುಡಿದಿದ್ದ. ಹೆಸರಲ್ಲಿ ಬಿಟ್ಟರೆ ಅವನಿಗೆ ಸಮಾಧಾನ ಬೇರೆಲ್ಲೂ ಇರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಸಾಹೇಬರು ಜೀಪಿನಿಂದ ಇಳಿದರು; ಸಮಾಧಾನ ಜೊತೆಯಾದ. ಗುಡ್ಡದ ದಾರಿಯ ಮೊದಲ ಮನೆ ಕಾಶಿಬಾಯಿಯದು.

“ಒಳಗ ಬರ್ರಿ ಸಾಹೇಬ್ರ, ಚಾ ಕುಡದು ಹೋಗ್ರಿ.”

“ಬೇಡಮ್ಮ, ಈಗಷ್ಟೇ ನಿಪ್ಪಾಣಿಯಲ್ಲಿ ಕುಡಿದೆ.”

“ಅದು ನಿಪ್ಪಾಣಿದಾತು. ನಮ್ಮೂರದು ಕುಡೀರಿ.”

ಆ ಊರಲ್ಲಿ ಬೇಡ ಅಂದವರಿಗೆ ದೊಡ್ಡ ಕಪ್ಪು.

ಎರಡನೆಯ ಮನೆಯ ಮುಂದೆ ಪಂಚಾಯಿತಿ ಸದಸ್ಯ ಬಾಳಾಸಾಬ ಕೈ ಅಗಲಿಸಿ ನಿಂತಿದ್ದ. “ಕಾಶಿಬಾಯಿ ಮನ್ಯಾಗ ಕುಡದು ನಮ್ಮನಿ ದಾಟಿ ಹೋದ್ರ, ನಾ ಮೆಂಬರ್ ಆಗಿ ಮಂದಿಗಿ ಮಾರಿ ಹೆಂಗ ತೋರಸ್ಲಿ?”

“ಬಿಡ್ರಿ ಮಾವಾ, ಹೊತ್ತಾಕತ್ತೈತಿ,” ಎಂದ ಸಮಾಧಾನ.

“ಚಂದಂಗ ನೋಡ್ಕೋರಿ ಅಂದಾವ ನೀನ ಅಲ್ಲೇನಲೇ?”

ಅವಲಕ್ಕಿ ಬಂತು, ಚಹಾ ಬಂತು. ಏಳು ಮನೆ, ಏಳು ಚಹಾ. ಎಂಟನೆಯ ಬಾಗಿಲು ಕಂಡದ್ದೇ ಸಾಹೇಬರು ಮೇವು ಕದಿಯಲು ಬಂದವರಂತೆ ಬೇಲಿಗೆ ಅಂಟಿಕೊಂಡು ದಾಟಿದರು.

ಅರ್ಧ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಕೆಂಪವ್ವ ಒಂದು ತಂಬಿಗೆ ಮಜ್ಜಿಗೆ ಹಿಡಿದು ಎದುರಾದಳು. ಸಾಹೇಬರು ಕೈ ಮುಗಿದರು. ಅವಳ ಮುಖ ಸಣ್ಣದಾಯಿತು.

“ಎಲ್ಲಾರ ಮನ್ಯಾಗ ಕುಡದೀರಂತ. ಕುರಿ ಕಾಯೋರ ಕೈದು ಒಲ್ಲೆ ಅಂತೀರೇನ್ರಿ?”

ಸಾಹೇಬರು ಕಣ್ಣು ಮುಚ್ಚಿ ತಂಬಿಗೆ ಖಾಲಿ ಮಾಡಿದರು.

ಮುಂದಿನ ಏರನ್ನು ಅವರು ತುಂಬಿದ ಕೊಡದಂತೆ, ತುಳುಕದ ಹಾಗೆ, ಒಂದೊಂದೇ ಹೆಜ್ಜೆ ಇಟ್ಟು ಹತ್ತಿದರು. ಹಣೆಯ ಮೇಲೆ ಬೆವರು.

ತುದಿ ಮುಟ್ಟಿದ್ದೇ ಸಮಾಧಾನ ಕೈ ಬೀಸಿ ತೋರಿಸಿದ: “ನೋಡ್ರಿ ಸಾಹೇಬ್ರ, ಹೆಂತಾ ಜಾಗಾ! ಒಂದು ಗಿಡಾ ಅಡ್ಡ ಬರಂಗಿಲ್ಲ. ನಾಕೂ ದಿಕ್ಕಿನಿಂದ ಕಾಣತೈತಿ.”

ಸಾಹೇಬರು ನಾಲ್ಕೂ ದಿಕ್ಕು ನೋಡಿದರು. ಒಂದು ಪೊದೆಯೂ ಇರಲಿಲ್ಲ. ಸಮಾಧಾನ ಒಲೆ ಹೊತ್ತಿಸಿ, “ನಂದೂ ಅರ್ಧಾ ಕಪ್ಪು...” ಎಂದು ತಿರುಗುವಷ್ಟರಲ್ಲಿ ಸಾಹೇಬರು ಇಳಿಜಾರಿನಲ್ಲಿ ಓಡುತ್ತಿದ್ದರು. ಹತ್ತಲು ನಾಲ್ಕು ತಾಸು ಹಿಡಿದಿತ್ತು. ಜೀಪಿನ ಧೂಳೇಳಲು ಹತ್ತು ನಿಮಿಷ ಹಿಡಿಯಲಿಲ್ಲ.

ಎರಡು ವರ್ಷದ ಆಸೆ ಆ ಧೂಳಿನಲ್ಲಿ ಹೋಯಿತೆಂದು ಸಮಾಧಾನ ಸಂಜೆಯವರೆಗೆ ಕಲ್ಲಿನ ಮೇಲೆ ಕೂತಿದ್ದ. ಆಗ ಬಾಳಾಸಾಬ ಏದುತ್ತ ಮೇಲೆ ಬಂದ.

“ಸಾಹೇಬ್ರ ಫೋನ್ ಬಂದಿತ್ತಲೇ! ಗುಡ್ಡಕ್ಕ ಮಂಜೂರ ಮಾಡಸ್ತಾರಂತ.”

“ಪಾವಟಿಗಿ ಏನ್ರಿ ಮಾವಾ?”

“ಪಾವಟಿಗಿ ಆಮ್ಯಾಲಂತ. ಮೊದಲ ಸಂಡಾಸ. ಆರು ಬಾಗಲದ್ದು. ಇದಕ್ಕಿಂತ ದೊಡ್ಡ ಗರಜ ಮನಷ್ಯಾಗ ಇಲ್ಲಪಾ ಅಂದ್ರು, ಭಾಳ ಮನಸಾರೆ.”

ಸಮಾಧಾನ ಉಸಿರು ಬಿಟ್ಟ. “ಆಗ್ಲಿ ಬಿಡ್ರಿ. ಮಂದಿ ಬಂದ್ರ ಸಾಕು. ಎಲ್ಲಿ ಕಟ್ತಾರಂತ?”

ಬಾಳಾಸಾಬ ಅಂಗಡಿಯ ತಗಡನ್ನು, ಒಲೆಯನ್ನು, ನೀರಿನ ಕೊಡವನ್ನು ಒಂದೊಂದಾಗಿ ನೋಡಿದ.

“ಸಪಾಟ ಜಾಗಾ ಒಂದ ಐತೆಲಾ ಇಲ್ಲಿ.”

ಕಬ್ಬಿನ ಹೊಲಗಳಾಚೆ ಸೂರ್ಯ ಚಂದವಾಗಿ ಮುಳುಗಿದ. ಬಾಳಾಸಾಬ ಅವನ ಹೆಗಲ ಮೇಲೆ ಕೈಯಿಟ್ಟ.

“ಏಳ, ನಮ್ಮನಿಗಿ ನಡಿ. ಚಾ ಕುಡದು ಹೋಗುವಂತಿ.”